ಕಬ್ಬಿನ ಸಿಪ್ಪೆಯ ಉರಿ: ಗಾಣದ ಒಲೆಯಿಂದ ಗಣಕದ ಲೆಕ್ಕದವರೆಗೆ

ಕಬ್ಬನ್ನು ಅರೆದು ಉಳಿದ ಸಿಪ್ಪೆಯಿಂದಲೇ ಅದರ ರಸವನ್ನು ಕಾಯಿಸುವುದು ಬೆಲ್ಲದ ಗಾಣಕ್ಕೂ ಸಕ್ಕರೆ ಕಾರ್ಖಾನೆಗೂ ಸಮಾನವಾದ ಪದ್ಧತಿ. ಗಾಣದಲ್ಲಿ ಸಿಪ್ಪೆಯನ್ನು ಬಿಸಿಲಿಗೆ ಹರವಿ ಒಣಗಿಸಿದ ಮೇಲೆಯೇ ಒಲೆಗೆ ಹಾಕುತ್ತಿದ್ದರು. ಉರಿ ಹಾಕುವವನು ಕಡಾಯಿಯ ಕುದಿಯನ್ನು ನೋಡುತ್ತ ಸ್ವಲ್ಪ ಸ್ವಲ್ಪವಾಗಿ ತುರುಕುತ್ತಿದ್ದನು, ಏಕೆಂದರೆ ಒಮ್ಮೆಲೇ ಹೆಚ್ಚು ಹಾಕಿದರೆ ಗಾಳಿ ಸಾಲದೆ ಹೊಗೆ ತುಂಬಿ ಉರಿ ಕುಗ್ಗುತ್ತಿತ್ತು.

ಬೆಳಗಾವಿ ಜಿಲ್ಲೆಯ ಮುರಗೋಡದ ಆಸುಪಾಸಿನ ಕಬ್ಬು ಬೆಳೆಯುವ ಸೀಮೆಯಲ್ಲಿ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಆಮೇಲೆ 1990ರ ದಶಕದ ಕೊನೆಗೆ ಮುನವಳ್ಳಿಯಲ್ಲಿ ರೇಣುಕಾ ಶುಗರ್ಸ್ ಬಂದವು. ಕಾರ್ಖಾನೆಯಲ್ಲಿ ಒಣಗಿಸುವ ಪುರುಸೊತ್ತಿಲ್ಲ; ಗಿರಣಿಯಿಂದ ಹೊರಬೀಳುವ ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಸಕ್ಕರೆ ಉದ್ಯಮದ ಹಳೆಯ ಕುಲುಮೆಗಳಲ್ಲಿ ಅದನ್ನು ರಾಶಿ ಹಾಕಿ ಸುಡುತ್ತಿದ್ದರು. ಮುಂದೆ ಬಂದ ಬಾಯ್ಲರುಗಳಲ್ಲಿ ಗಾಳಿಯ ರಭಸದಿಂದ ಸಿಪ್ಪೆಯನ್ನು ಕುಲುಮೆಯೊಳಗೆ ಎರಚುವ ವಿಧಾನ ಬಳಕೆಗೆ ಬಂದು, ಹಗುರ ಕಣಗಳು ಹಾರುತ್ತಲೇ ಉರಿಯತೊಡಗಿದವು, ಭಾರದವು ಕೆಳಗಿನ ಜಾಲರಿಯ ಮೇಲೆ ಬಿದ್ದು ಉರಿದವು. ಹೀಗಾಗಿ ಒಂದು ನಾರು ಎಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ ಎಂಬುದೇ ಬಾಯ್ಲರಿನ ಮುಖ್ಯ ಪ್ರಶ್ನೆಯಾಯಿತು. ಪೂರ್ತಿ ಉರಿಯುವ ಮೊದಲೇ ಹಾರಿಹೋದ ಕಣ ಚಿಮಣಿಯತ್ತ ಸಾಗುವ ನಷ್ಟವೇ ಸರಿ.

ಈ ಪ್ರಶ್ನೆಯನ್ನು ಗಣಕಕ್ಕೆ ಒಪ್ಪಿಸುವ ದಾರಿ ಬೇರೆಡೆ ಸಿದ್ಧವಾಯಿತು. ಕುಲುಮೆಯನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ ಪ್ರತಿಯೊಂದರಲ್ಲೂ ಅನಿಲದ ವೇಗ, ಒತ್ತಡ, ಉಷ್ಣತೆಗಳನ್ನು ಬಿಡಿಸುವುದೇ ಗಣಕೀಯ ದ್ರವಚಲನ ಶಾಸ್ತ್ರ. ಒತ್ತಡ ಮತ್ತು ವೇಗಗಳನ್ನು ಪರಸ್ಪರ ಹೊಂದಿಸುವ ಪ್ರಸಿದ್ಧ ಕ್ರಮವನ್ನು ಪುಣೆ ಮೂಲದ ಸುಹಾಸ್ ಪಾಟಣಕರ ಹಾಗೂ ಲಂಡನ್ನಿನ ಬ್ರಯನ್ ಸ್ಪಾಲ್ಡಿಂಗ್ 1972ರಲ್ಲಿ ಪ್ರಕಟಿಸಿದರು. 1977ರಲ್ಲಿ ಕ್ರೋವ್, ಶರ್ಮಾ, ಸ್ಟಾಕ್ ಎಂಬ ಮೂವರು ಅನಿಲದಲ್ಲಿ ಸಾಗುವ ಹನಿಗಳ ಲೆಕ್ಕವನ್ನು ಅನಿಲದ ಲೆಕ್ಕದೊಡನೆ ಬೆಸೆಯುವ ಕ್ರಮ ತೋರಿಸಿದರು: ಒಂದೊಂದು ಕಣದ ಹಾದಿಯನ್ನು ಬೆನ್ನಟ್ಟಿ, ಅದು ಹಾಯ್ದ ಕೋಶಕ್ಕೆ ತಾನು ಬಿಟ್ಟ ಆವಿ, ಹೀರಿದ ಶಾಖ, ಕೊಟ್ಟ ಚಲನೆಯನ್ನು ಜಮೆ-ಖರ್ಚು ಹಾಕಿ, ಅನಿಲದ ಲೆಕ್ಕವನ್ನು ಮತ್ತೆ ಬಿಡಿಸುವುದು. ಕೋಟ್ಯಂತರ ಕಣಗಳನ್ನು ಬಿಡಿಬಿಡಿಯಾಗಿ ಎಣಿಸಲಾಗದ್ದರಿಂದ ಒಂದು ಕಣವೇ ಒಂದು ಗುಂಪನ್ನು ಪ್ರತಿನಿಧಿಸುತ್ತದೆ. ಸಿಪ್ಪೆಯ ಕಣವಾದರೆ ಮೊದಲು ಕಾಯಬೇಕು, ನೀರು ಬಿಡಬೇಕು, ಉರಿಯುವ ಅನಿಲ ಹೊರಹಾಕಬೇಕು, ಕೊನೆಗೆ ಉಳಿದ ಇದ್ದಿಲು ಸುಡಬೇಕು.

ಕಲ್ಲಿದ್ದಲ ಪುಡಿಗೆ, ಎಣ್ಣೆಯ ಹನಿಗೆ ಒಪ್ಪುವ ದುಂಡು ಕಣದ ಕಲ್ಪನೆ ಕಬ್ಬಿನ ನಾರಿಗೆ ಸುಲಭವಾಗಿ ಒಪ್ಪುವುದಿಲ್ಲ. ಉದ್ದನೆಯ ನಾರು ಗಾಳಿಯನ್ನು ಬೇರೆ ರೀತಿಯಲ್ಲಿ ಎದುರಿಸುತ್ತದೆ, ಒಳಗಿನ ಮೆದು ತಿರುಳು ಅದಕ್ಕಿಂತ ಬೇಗ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮುರಗೋಡದ ಸೀಮೆಯ ಯಾವುದೇ ಬಾಯ್ಲರಿನ ಲೆಕ್ಕ ನಂಬಿಕೆಗೆ ಅರ್ಹವಾಗಬೇಕಾದರೆ, ಆ ಹಂಗಾಮಿನ ಹಸಿ ಸಿಪ್ಪೆಯನ್ನು ತೂಗಿ, ಒಣಗಿಸಿ, ಮತ್ತೆ ತೂಗಿ, ಜರಡಿ ಹಿಡಿದು ಬಂದ ಅಂಕಿಗಳಿಂದಲೇ ಅದು ಆರಂಭವಾಗಬೇಕು.