ಕೆಚ್ಚಲು ಬಾವು: ಹಸುವಿಗೆ ಗೊತ್ತಿದ್ದದ್ದು ನಮಗೆ ತಿಳಿಯಲು ನೂರು ವರ್ಷ ಬೇಕಾಯಿತು

ಮಳೆಗಾಲದಲ್ಲಿ ಸುದ್ದಿಗೆಂದು ಕುಶಾಲನಗರದ ಸುತ್ತಿನ ಹಳ್ಳಿಗಳಿಗೆ ಹೋದಾಗ ನಮ್ಮ ಕಿವಿಗೆ ಒಂದು ಮಾತು ಬಿದ್ದೇ ಬೀಳುತ್ತದೆ: "ನಿನ್ನೆವರೆಗೂ ಚೆನ್ನಾಗಿತ್ತು ಸರ್, ಬೆಳಿಗ್ಗೆ ನೋಡಿದರೆ ಕೆಚ್ಚಲು ಕಲ್ಲಾಗಿದೆ. ಯಾರದೋ ದೃಷ್ಟಿ."

ದೃಷ್ಟಿ ಅಲ್ಲ, ಅದು ಕೆಚ್ಚಲು ಬಾವು. ಹಾಲಿನ ನಂಟು ನಮ್ಮ ಸೀಮೆಗೆ ಹಳೆಯದು. ಕರ್ನಾಟಕದ ಮೊದಲ ಡೇರಿ 1955ರಲ್ಲಿ ಶುರುವಾದದ್ದು ಪಕ್ಕದ ಕೂಡಿಗೆಯಲ್ಲೇ. ಆದರೆ ಕೆಚ್ಚಲಿನ ಒಳಗೆ ಏನು ನಡೆಯುತ್ತದೆ ಎಂಬುದು ಆಗಿನ್ನೂ ಪೂರ್ತಿ ಯಾರಿಗೂ ಗೊತ್ತಿರಲಿಲ್ಲ.

ಕಥೆ ಶುರುವಾಗುವುದು ಹಸುವಿನಿಂದಲ್ಲ, ನಕ್ಷತ್ರ ಮೀನಿನಿಂದ. 1882ರಲ್ಲಿ ಇಟಲಿಯ ಕಡಲ ತೀರದಲ್ಲಿ ರಷ್ಯಾದ ವಿಜ್ಞಾನಿ ಮೆಚ್ನಿಕೋವ್ ಅದರ ಪುಟ್ಟ ಮರಿಗೆ ಮುಳ್ಳು ಚುಚ್ಚಿ ಬಿಟ್ಟರು. ಮಾರನೇ ದಿನ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ನುಂಗುವ ಕಾವಲು ಕೋಶಗಳು ದೇಹದಲ್ಲೇ ಇವೆ ಎಂದು ಅವರು ಹೇಳಿದರು. ಅದೇ ದಶಕದಲ್ಲಿ ಫ್ರಾನ್ಸಿನ ಪಶುವೈದ್ಯ ನೊಕಾರ್ ಮತ್ತು ಜೊತೆಗಾರ ಮೊಲ್ಲೆರೊ, ಬಾವು ಬಂದ ಹಸುವಿನ ಹಾಲಿನಲ್ಲಿ ಸರಪಳಿಯಂಥ ಬ್ಯಾಕ್ಟೀರಿಯಾ ಕಂಡರು.

ಕಳ್ಳನೂ ಸಿಕ್ಕಿದ, ಕಾವಲುಗಾರನೂ ಸಿಕ್ಕಿದ. ಆದರೆ ಕಳ್ಳ ಬಂದದ್ದು ಕಾವಲುಗಾರನಿಗೆ ಹೇಗೆ ಗೊತ್ತಾಗುತ್ತದೆ?

ಅದಕ್ಕೆ ಉತ್ತರ ಸಿಗುವ ಮೊದಲೇ ಒಂದು ಉಪಾಯ ಸಿಕ್ಕಿತು. 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಾಮ್ ಮತ್ತು ನೂರ್ಲ್ಯಾಂಡರ್ ಎಂಬಿಬ್ಬರು ಹಾಲಿಗೆ ಸೋಪಿನಂಥ ದ್ರಾವಣ ಬೆರೆಸುವ ಪರೀಕ್ಷೆ ತಂದರು. ಬಾವು ಇದ್ದರೆ ಹಾಲಿನಲ್ಲಿ ಕಾವಲು ಕೋಶಗಳು ತುಂಬಿರುತ್ತವೆ. ದ್ರಾವಣಕ್ಕೆ ಅವು ಒಡೆದು ಹಾಲು ಲೋಳೆಯಾಗುತ್ತದೆ. ಪಶುವೈದ್ಯರು ಇಂದಿಗೂ ನಾಲ್ಕು ಗುಳಿಯ ತಟ್ಟೆಯಲ್ಲಿ ಮಾಡುವುದು ಇದನ್ನೇ.

ಉತ್ತರ ಬಂದದ್ದು 1990ರ ದಶಕದಲ್ಲಿ. ಫ್ರಾನ್ಸಿನ ಹಾಫ್‌ಮನ್ ನೊಣಗಳಲ್ಲಿ, ಅಮೆರಿಕದ ಬ್ಯೂಟ್ಲರ್ ಇಲಿಗಳಲ್ಲಿ ಹುಡುಕಿ, ರೋಗಾಣುವನ್ನು ಗುರುತು ಹಿಡಿಯುವ ಪುಟ್ಟ ಕೊಂಡಿಗಳು ಜೀವಕೋಶಕ್ಕೆ ಇರುವುದನ್ನು ತೋರಿಸಿದರು. 2011ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕೆಚ್ಚಲಲ್ಲಿ ಹಾಲು ತಯಾರಿಸುವ ಕೋಶಗಳಲ್ಲೂ ಇಂಥ ಕೊಂಡಿಗಳಿವೆ. ಹಾಲು ಕೊಡುವ ಕೋಶವೇ ಮೊದಲ ಕಾವಲುಗಾರ. ಬ್ಯಾಕ್ಟೀರಿಯಾ ಸಿಕ್ಕ ಕೂಡಲೇ ಅದು ರಾಸಾಯನಿಕದ ಕೂಗು ಹಾಕುತ್ತದೆ, ರಕ್ತದಿಂದ ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಊತ, ಬಿಸಿ, ಹಾಲಿನಲ್ಲಿ ಗರಣೆ ಎಲ್ಲ ಆ ಜಗಳದ ಗುರುತು.

ಇ-ಕೊಲೈ ನುಗ್ಗಿದರೆ ಕೂಗು ಜೋರು, ಹಸುವಿಗೆ ಜ್ವರವೂ ಬರಬಹುದು. ಸ್ಟೆಫೈಲೊಕಾಕಸ್ ಔರಿಯಸ್ ಬಂದರೆ ಕೂಗು ಬಹಳ ಮೆಲ್ಲಗೆ. ಹೊರಗೆ ಏನೂ ಕಾಣದೆ ಅದು ತಿಂಗಳುಗಟ್ಟಲೆ ಅಡಗಿ ಕೂರುತ್ತದೆ, ಹಾಲು ಮಾತ್ರ ಇಳಿಯುತ್ತಾ ಹೋಗುತ್ತದೆ. ಒಂದು ಮಿಲಿ ಹಾಲಿನಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಕೋಶಗಳಿದ್ದರೆ ಸೋಂಕು ಇದೆ ಎಂದು ಲೆಕ್ಕ. ಅದು ಬರಿಗಣ್ಣಿಗೆ ಕಾಣುವುದಿಲ್ಲ.

"ಕರು ಹಾಕಿದ ಮೇಲೆ ಸರಿಹೋಗುತ್ತೆ" ಎಂದು ಕಾದು, ಕೊನೆಗೆ ಒಂದು ತೊಟ್ಟು ಬತ್ತಿಹೋಗಿ ಹಸುವನ್ನು ಅರ್ಧ ಬೆಲೆಗೆ ಮಾರಿದವರನ್ನು ನಾವು ಕಂಡಿದ್ದೇವೆ. ಊತ ಇಳಿಯಿತೆಂದು ಔಷಧಿಯನ್ನು ನಡುವೆ ನಿಲ್ಲಿಸಿದರೂ ಅಡಗಿದ ರೋಗಾಣು ಮತ್ತೆ ಏಳುತ್ತದೆ. ಔಷಧಿ ನಡೆಯುವಾಗ, ಮುಗಿದ ಮೇಲೂ ಡಾಕ್ಟರು ಹೇಳಿದಷ್ಟು ದಿನ, ಆ ಹಾಲು ಡೇರಿಗೂ ಬೇಡ, ಮಕ್ಕಳಿಗೂ ಬೇಡ.

ಕರೆಯುವ ಮೊದಲು ಪ್ರತಿ ತೊಟ್ಟಿನ ಮೊದಲ ಧಾರೆಯನ್ನು ಕಪ್ಪು ತಟ್ಟೆಗೆ ಬಿಟ್ಟು ನೋಡಿ. ಕರೆದಾದ ಮೇಲೆ ತೊಟ್ಟಿನ ಬಾಯಿ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಆಗ ಹಸು ಕೆಸರಲ್ಲಿ ಮಲಗಬಾರದು. ಮುಂದೆ ಒಂದು ಹೊರೆ ಹುಲ್ಲು ಹಾಕಿ, ಅರ್ಧ ಗಂಟೆ ನಿಂತೇ ಇರುತ್ತದೆ.