ಒಂದು ವಂಶ, ಹಲವು ಕೊಕ್ಕು

ನಿಮ್ಮ ಮನೆಯ ಸಾಮಾನುಗಳನ್ನು ಒಮ್ಮೆ ನೆನೆಯಿರಿ. ಅಡಕತ್ತರಿ, ಇಕ್ಕಳ, ಉಳಿ, ದಬ್ಬಳ: ಒಂದೊಂದು ಕೆಲಸಕ್ಕೆ ಒಂದೊಂದು. ಇವೆಲ್ಲವೂ ಒಂದೇ ಹಕ್ಕಿವಂಶದ ಕೊಕ್ಕುಗಳಾಗಿ ಮೂಡಿದುವೆಂದರೆ ನಂಬುವಿರಾ? ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ ನಡೆದುದು ಇದೇ.

ಈ ದ್ವೀಪಗಳು ಜ್ವಾಲಾಮುಖಿಗಳಿಂದ ಎದ್ದವು. ಯಾವ ಖಂಡದಿಂದ ಹೊರಟರೂ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಸುಮಾರು 50–60 ಲಕ್ಷ ವರ್ಷಗಳ ಹಿಂದೆ ಏಷ್ಯದ ಗುಲಾಬಿ ಫಿಂಚ್ ಬಳಗದ ಕೆಲವು ಹಕ್ಕಿಗಳು ಅಲ್ಲಿಗೆ ತಲಪಿದುವು. ಹಿಮಾಲಯದಲ್ಲಿ ಈ ಬಳಗದವು ಇಂದಿಗೂ ಉಂಟು.

ಹೊಸ ನಾಡಿನಲ್ಲಿ ಮರಕುಟಿಗನಿರಲಿಲ್ಲ, ಸೂರಕ್ಕಿಯಿರಲಿಲ್ಲ. ಎಷ್ಟೋ ಬಗೆಯ ಆಹಾರಕ್ಕೆ ಹಕ್ಕುದಾರರೇ ಇರಲಿಲ್ಲ. ಹಕ್ಕಿ ಬಯಸಿತೆಂದು ಕೊಕ್ಕು ಬೆಳೆಯುವುದಿಲ್ಲ. ಆದರೆ ಮರಿಗಳಲ್ಲಿ ಕೊಕ್ಕು ಕೊಂಚ ಹೆಚ್ಚುಕಡಿಮೆಯಾಗಿ ಹುಟ್ಟುತ್ತದೆ. ಆಳವಾದ ಹೂವಿನ ಮಕರಂದ ಎಟುಕಿದ ಹಕ್ಕಿ ಹೆಚ್ಚು ಮರಿಗಳನ್ನು ಸಾಕಿತು. ಅದರ ಗುಣ ಸಂತಾನಕ್ಕೆ ಇಳಿಯಿತು. ಕಡಲು ಒಂದು ದ್ವೀಪದ ಹಕ್ಕಿಗಳನ್ನು ಇನ್ನೊಂದರಿಂದ ಬೇರ್ಪಡಿಸಿತು. ಕಾಲ ಕಳೆದಂತೆ ಅವು ತಮ್ಮತಮ್ಮೊಳಗೆ ಮಾತ್ರ ಕೂಡುವ ಬೇರೆಬೇರೆ ಜಾತಿಗಳಾದುವು.

ಹೀಗೆ ಕೆಂಪು ಬಣ್ಣದ ಇಈವಿಗೆ ಕುಡುಗೋಲಿನಂತೆ ಬಾಗಿದ ಕೊಕ್ಕು; ಪಾಲಿಲ ಹಕ್ಕಿಗೆ ಕಾಯಿ ಸೀಳುವ ದಪ್ಪ ಕೊಕ್ಕು. ಅಕಿಯಪೋಲಾಉ ಎಂಬುದರ ಕೆಳಗೊಕ್ಕು ಮರ ಕುಟ್ಟುವ ಉಳಿ, ಮೇಲ್ಗೊಕ್ಕು ಹುಳ ಎಳೆಯುವ ಕೊಕ್ಕೆ! ಪಳೆಯುಳಿಕೆಗಳನ್ನೂ ಸೇರಿಸಿದರೆ ಜಾತಿಗಳು 50ಕ್ಕೂ ಮಿಗಿಲು.

ಇಂದು ಉಳಿದಿರುವುವು ಇಪ್ಪತ್ತಕ್ಕೂ ಕಡಿಮೆ. ಮನುಷ್ಯರು ಬಂದರು, ತಗ್ಗಿನ ಕಾಡು ಕಡಿದರು. ಇಲಿಗಳು ಮೊಟ್ಟೆ ತಿಂದುವು. 1826ರಲ್ಲಿ ಹಡಗೊಂದರ ನೀರಿನ ಪೀಪಾಯಿಗಳೊಡನೆ ಮಾವುಯಿ ದ್ವೀಪಕ್ಕೆ ಸೊಳ್ಳೆ ಬಂದಿತೆಂದು ಹೇಳುತ್ತಾರೆ. ನಮ್ಮ ಊರುಗಳ ಚರಂಡಿಯಲ್ಲಿ ಹುಟ್ಟುವ ಜಾತಿಯೇ ಅದು! ಮುಂದೆ ಆ ಸೊಳ್ಳೆಯೇ ಹಕ್ಕಿಗಳ ಮಲೇರಿಯವನ್ನು ಹರಡಿತು. ಈ ರೋಗವನ್ನೇ ಅರಿಯದ ಹಕ್ಕಿಗಳಿಗೆ ಅದನ್ನು ತಡೆಯುವ ಶಕ್ತಿಯಿರಲಿಲ್ಲ. ಸೊಳ್ಳೆ ಬಾಳದ ತಂಪು ಬೆಟ್ಟದ ಕಾಡುಗಳೇ ಅವುಗಳ ಆಶ್ರಯವಾದುವು. ಈಗ ಅಲ್ಲಿಯೂ ಬಿಸಿ ಏರುತ್ತಿದೆ. ಮಾವುಯಿಯಲ್ಲಿ 1973ರಲ್ಲಿ ಮೊದಲು ಕಂಡುಬಂದ ಪೊಓ-ಊಲಿ ಹಕ್ಕಿಯ ಕೊನೆಯದೆಂದು ತಿಳಿದದ್ದು 2004ರಲ್ಲಿ ಪಂಜರದಲ್ಲಿ ಸತ್ತಿತು.

ಕೈಕಟ್ಟಿ ಕುಳಿತಿಲ್ಲ ಎಂಬುದೇ ಸಮಾಧಾನ. 2023ರಿಂದ ಅದೇ ದ್ವೀಪದಲ್ಲಿ ವಿಶೇಷ ಬ್ಯಾಕ್ಟೀರಿಯವಿರುವ ಗಂಡು ಸೊಳ್ಳೆಗಳನ್ನು ಬಿಡುತ್ತಿದ್ದಾರೆ. ಗಂಡು ಕಚ್ಚದು; ಅದರೊಡನೆ ಕೂಡಿದ ಹೆಣ್ಣಿನ ಮೊಟ್ಟೆಗಳು ಮರಿಯಾಗವು.

ನಾಳೆ ತೊಟ್ಟಿಯ ನೀರಿನಲ್ಲಿ ಸೊಳ್ಳೆಮರಿ ಕಂಡಾಗ, ಆ ದೂರದ ಕಾಡನ್ನೂ ಒಮ್ಮೆ ನೆನೆಯಿರಿ.