ಹೆಸರಿಲ್ಲದ ಮತದಾರರು

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯನ್ನು ನೆನೆಯುವಾಗ ನಾವು ಅದರ ಗಾತ್ರಕ್ಕೆ ಬೆರಗಾಗುತ್ತೇವೆ. 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆದ ಆ ಚುನಾವಣೆಗೆ ಸುಮಾರು 17 ಕೋಟಿ ಮತದಾರರು, ಬಹುಮಂದಿ ಅಕ್ಷರವರಿಯದವರು. ಆದರೆ ಕಠಿಣವಾದ ಪ್ರಶ್ನೆಯೊಂದು ಎದ್ದದ್ದು ಮತಗಟ್ಟೆಯಲ್ಲಲ್ಲ, ಅದಕ್ಕೂ ಮುನ್ನ ಮತದಾರರ ಪಟ್ಟಿಯನ್ನು ಬರೆಯುವಾಗ.

1950ರ ಮಾರ್ಚಿನಲ್ಲಿ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಲಂಡನ್ನಿನಲ್ಲಿ ಗಣಿತ ಓದಿದವರು, ಐ.ಸಿ.ಎಸ್. ಅಧಿಕಾರಿ. ಮನೆಮನೆಗೆ ಹೋದ ಗಣತಿದಾರರು ತಂದ ಪಟ್ಟಿಗಳಲ್ಲಿ ಅವರಿಗೊಂದು ವಿಚಿತ್ರ ಕಂಡಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯ ಭಾರತ, ವಿಂಧ್ಯ ಪ್ರದೇಶಗಳಲ್ಲಿ ಅನೇಕ ಸ್ತ್ರೀಯರು ಪರಪುರುಷನಿಗೆ ತಮ್ಮ ಹೆಸರು ಹೇಳಲು ಒಪ್ಪಿರಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಸಿದ್ದರು. ಗಂಡನ ಹೆಸರನ್ನು ಒಡಪಿನಲ್ಲಿ ಮುಚ್ಚಿ ಹೇಳುವ ನಮ್ಮ ಹಳ್ಳಿಯ ಗೃಹಿಣಿಯರನ್ನು ಬಲ್ಲವರಿಗೆ ಈ ಸಂಕೋಚ ತೀರ ಅಪರಿಚಿತವೆನಿಸದು. ಅಲ್ಲಿ ಮಾತ್ರ ಮರೆಯಾದದ್ದು ಸ್ವಂತ ಹೆಸರೇ.

ಹೆಸರಿಲ್ಲದೆ ಗುರುತಿಲ್ಲ, ಗುರುತಿಲ್ಲದೆ ಒಬ್ಬರ ಮತವನ್ನು ಇನ್ನೊಬ್ಬರು ಹಾಕುವುದನ್ನು ತಡೆಯಲಾಗದು ಎಂಬುದು ಸೇನರ ನಿಲುವು. ಹೆಸರು ಬರೆಸಲು ಬಿಹಾರಕ್ಕೆ ಒಂದು ತಿಂಗಳ ಹೆಚ್ಚಿನ ಅವಧಿ ದೊರೆಯಿತು. ಆದರೂ ದೇಶದ ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ ಸುಮಾರು 28 ಲಕ್ಷ ಮಂದಿಯನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಭಾವಚಿತ್ರವೂ ಇಲ್ಲದ ಆ ಕಾಲದಲ್ಲಿ ನಿಯಮ ನ್ಯಾಯವಾದದ್ದೇ ಎಂದು ನನಗೆ ತೋರುತ್ತದೆ. ಆದರೆ ಅದರ ಬೆಲೆ ತೆತ್ತವರು ಯಾವ ವಂಚನೆಯನ್ನೂ ಮಾಡದವರು.

ವಂಚನೆಗೆ ದಾರಿಗಳು ಬೇರೆಡೆಯೂ ಇದ್ದವು. ಮೊದಲ ಎರಡು ಮಹಾಚುನಾವಣೆಗಳಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಪೆಟ್ಟಿಗೆ. ಮತದಾರ ಗುರುತು ಹಾಕದ ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಆ ಖಾಲಿ ಚೀಟಿಯನ್ನು ಸೆರಗಿನಲ್ಲೋ ಜೇಬಿನಲ್ಲೋ ಹೊರತಂದು ಮಾರಲು ಎಷ್ಟು ಹೊತ್ತು? 1962ರ ಹೊತ್ತಿಗೆ ಎಲ್ಲರ ಚಿಹ್ನೆಗಳಿರುವ ಒಂದೇ ಮತಪತ್ರಕ್ಕೆ ಮುದ್ರೆಯೊತ್ತುವ ಕ್ರಮ ಬಂತು. ಅದೇ ವರ್ಷ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿ ಬೆರಳಿಗೇರಿತು. ಅದರಲ್ಲಿನ ಸಿಲ್ವರ್ ನೈಟ್ರೇಟು ಚರ್ಮದಲ್ಲಿ ಕಪ್ಪಾಗಿ ನಿಲ್ಲುತ್ತದೆ. ಒಬ್ಬನೇ ಎರಡು ಸಲ ಮತ ಹಾಕದಂತೆ ಶಾಯಿ ತಡೆಯಬಲ್ಲದು. ಪಟ್ಟಿಯಲ್ಲಿ ಹೆಸರಿಲ್ಲದವರ ಬೆರಳಿಗೆ ಅದು ತಲುಪುವುದೇ ಇಲ್ಲ. 1993ರಲ್ಲಿ ಟಿ.ಎನ್. ಶೇಷನ್ನರು ಹಟ ಹಿಡಿದು ತಂದ ಭಾವಚಿತ್ರವುಳ್ಳ ಗುರುತುಚೀಟಿಗೂ ಪಟ್ಟಿಯೇ ಆಧಾರ.

ಆದ್ದರಿಂದ ಸುಧಾರಣೆಯ ಮಾತು ಮತ್ತೆ ಮತ್ತೆ ಪಟ್ಟಿಗೇ ಮರಳುತ್ತದೆ. 2025ರಲ್ಲಿ ಅದೇ ಬಿಹಾರದಲ್ಲಿ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದು, ಆಗಸ್ಟ್ 1ರ ಕರಡಿನಿಂದ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದವು. ಮೃತರು, ವಲಸೆ ಹೋದವರು, ಎರಡೆಡೆ ಹೆಸರಿದ್ದವರು ಎಂಬುದು ಆಯೋಗ ಕೊಟ್ಟ ಕಾರಣ. ಜೀವಂತರೂ ಅದರಲ್ಲಿ ಸೇರಿದ್ದಾರೆಂಬುದು ವಿರೋಧಿಸಿದವರ ವಾದ. ಬಿಟ್ಟುಹೋದ ಪ್ರತಿಯೊಂದು ಹೆಸರನ್ನೂ ಅದರ ಕಾರಣದೊಡನೆ ಜನರಿಗೆ ಕಾಣುವಂತೆ ಪ್ರಕಟಿಸಬೇಕೆಂದು ಆಗಸ್ಟ್ 14ರಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. 1951ರ ಆ 28 ಲಕ್ಷ ಸ್ತ್ರೀಯರಿಗೆ ಅಂಥ ಪಟ್ಟಿಯೊಂದನ್ನು ಬರೆಯುವುದೂ ಸಾಧ್ಯವಿರಲಿಲ್ಲ.